ಬುಗುಟು ಎದ್ದರೆ ಭಯವಿಲ್ಲವೇ?

ಗುಲಾಬಿ, ತರಕಾರಿ ಹೇರಿಕೊಂಡು ತಮಿಳುನಾಡಿನ ಬೇರಿಕೆಯಿಂದ ಬಾಗಲೂರು, ಹೊಸೂರಿನತ್ತ ನಸುಕಿನಲ್ಲೇ ಬೈಕುಗಳು ಓಡುತ್ತವೆ. ಯಾರಾದರೂ ಜಾರಿ ಬಿದ್ದರೆ ತಲೆ ಸವರಿ ಹಿರಿಯರು ಹೇಳುವುದುಂಟು: "ಬುಗುಟು ಹೊರಕ್ಕೆ ಎದ್ದೈತೆ, ಒಳಗೇನೂ ಆಗಿಲ್ಲ ಬಿಡಪ್ಪ." ಈ ನಂಬಿಕೆ ಜೀವ ತೆಗೆಯಬಲ್ಲದು. ಬುಗುಟು ಎಂದರೆ ಚರ್ಮದಡಿ ನಿಂತ ರಕ್ತ, ಊತ. ಬುರುಡೆಯೊಳಗೆ ರಕ್ತ ಸೋರುತ್ತಿಲ್ಲ ಎಂಬುದಕ್ಕೆ ಅದು ಸಾಕ್ಷಿಯಲ್ಲ.

ದೊಡ್ಡವರ ತಲೆಬುರುಡೆ ಹಿಗ್ಗುವುದಿಲ್ಲ. ಅದರೊಳಗೆ ನೂರಕ್ಕೆ ಸುಮಾರು 80 ಪಾಲು ಮಿದುಳು. ಉಳಿದದ್ದು ರಕ್ತ ಮತ್ತು ಮಿದುಳನ್ನು ಸುತ್ತಿರುವ ದ್ರವ. ಒಳಗೆ ರಕ್ತ ಹೆಪ್ಪುಗಟ್ಟಿದರೆ ಮೊದಲು ಈ ಎರಡೂ ಜಾಗ ಬಿಟ್ಟುಕೊಡುತ್ತವೆ. ಅದೂ ಸಾಲದಾದಾಗ ಮಿದುಳೇ ಸರಿದು ಗಟ್ಟಿಪೊರೆಗಳ ಸಂದಿಗೆ, ಕೊನೆಗೆ ಬುರುಡೆಯ ತಳದ ರಂಧ್ರದತ್ತ ನುಗ್ಗುತ್ತದೆ. ಉಸಿರಾಟ ನಡೆಸುವ ಮಿದುಳುಕಾಂಡ ಇರುವುದು ಅಲ್ಲೇ. ಅದು ಅದುಮಿಹೋದರೆ ಉಸಿರು ನಿಲ್ಲುತ್ತದೆ. ಇದೇ ಬ್ರೇನ್ ಹರ್ನಿಯೇಷನ್. ಪಾರ್ಶ್ವವಾಯು, ಗಡ್ಡೆ, ಮಿದುಳಿನ ಸೋಂಕಿನಿಂದಲೂ ಇದು ಆಗಬಹುದು.

"ಎದ್ದು ಕೂತ, ಮಾತಾಡಿದ, ಕಾಫಿ ಕುಡಿದ" ಎಂಬ ಸಮಾಧಾನ ಇನ್ನೂ ಅಪಾಯ. ಕಣತಲೆಯ ಬಳಿಯ ರಕ್ತನಾಳ ಹರಿದವರು ಕೆಲವೊಮ್ಮೆ ಗಂಟೆಗಟ್ಟಲೆ ಚೆನ್ನಾಗಿಯೇ ಇದ್ದು, ಆಮೇಲೆ ಮಂಪರಿಗೆ ಜಾರುತ್ತಾರೆ. ಮನೆಯವರು ಸುಸ್ತೆಂದು ಹೊದಿಕೆ ಹೊದಿಸುತ್ತಾರೆ. ಸಾರಾಯಿ ವಾಸನೆ ಬಂದರಂತೂ ಯಾರೂ ಎಬ್ಬಿಸುವುದೇ ಇಲ್ಲ. ಹೆಚ್ಚುತ್ತಲೇ ಹೋಗುವ ತಲೆನೋವು, ಮತ್ತೆಮತ್ತೆ ವಾಂತಿ, ತೊದಲು, ಒಂದು ಬದಿಯ ಕೈಕಾಲಿನಲ್ಲಿ ಬಲವಿಲ್ಲದಿರುವುದು: ಇವುಗಳಲ್ಲಿ ಒಂದಿದ್ದರೂ ತಡಮಾಡಬಾರದು. ಒಂದು ಕಣ್ಣಿನ ಪಾಪೆ ಮಾತ್ರ ಹಿಗ್ಗಿ, ನಾಡಿ ನಿಧಾನವಾಗಿ, ಉಸಿರು ಏರುಪೇರಾದರೆ ಉಳಿದಿರುವುದು ನಿಮಿಷಗಳಷ್ಟೇ.

ಕಿವಿಯಿಂದ ರಕ್ತ ಬಂದರೆ ಕೆಟ್ಟದ್ದು ಹೊರಗೆ ಹೋಯಿತು ಎನ್ನುವವರೂ ಇದ್ದಾರೆ. ಅದು ಬುರುಡೆಯ ತಳ ಬಿರಿದ ಗುರುತಾಗಿರಬಹುದು, ಹತ್ತಿ ತುರುಕಬೇಡಿ.

ಬುರುಡೆ ಬಿಚ್ಚಿದರೆ ಬದುಕಿಲ್ಲ ಎಂಬ ಹೆದರಿಕೆಯೂ ಸರಿಯಲ್ಲ. ಆಸ್ಪತ್ರೆಯಲ್ಲಿ ಹಾಸಿಗೆಯ ತಲೆಭಾಗವನ್ನು 30 ಡಿಗ್ರಿ ಎತ್ತರಿಸಿ, ಒತ್ತಡ ಇಳಿಸಲು ಮ್ಯಾನಿಟಾಲ್ ಕೊಟ್ಟು, ಸಿಟಿ ಸ್ಕ್ಯಾನ್ ನೋಡಿ ಹೆಪ್ಪು ತೆಗೆಯುತ್ತಾರೆ. ಮಿದುಳು ತೀರಾ ಊದಿದ್ದರೆ ಮೂಳೆಯ ತುಂಡನ್ನೇ ತೆಗೆದಿಡುತ್ತಾರೆ. ಎಷ್ಟೋ ಸಲ ಆ ತುಂಡನ್ನು ರೋಗಿಯ ಹೊಟ್ಟೆಯ ಚರ್ಮದಡಿ ಜೋಪಾನ ಮಾಡಿ, ಊತ ಇಳಿದ ಮೇಲೆ ಮತ್ತೆ ಕೂರಿಸುತ್ತಾರೆ.

ನಿಮ್ಹಾನ್ಸ್ ಆಸ್ಪತ್ರೆ ಹೊಸೂರು ರಸ್ತೆಯಲ್ಲೇ ಇದೆಯೆಂದು ಬಾಡಿಗೆ ಕಾರಿನಲ್ಲಿ ನೇರ ಬೆಂಗಳೂರಿಗೆ ಹೊರಡಬೇಡಿ. 108ಕ್ಕೆ ಕರೆ ಮಾಡಿ, ಕತ್ತು ಅಲುಗಿಸದೆ, ಬಾಯಿಗೆ ನೀರೂ ಹಾಕದೆ, ಮೊದಲು ಹೊಸೂರಿನಲ್ಲಿ ಸ್ಕ್ಯಾನ್ ಇರುವ ಆಸ್ಪತ್ರೆ ಮುಟ್ಟಿಸಿ. ದುಡ್ಡಿನ ಯೋಚನೆಯಿಂದ ನಿಲ್ಲಬೇಡಿ. ತಮಿಳುನಾಡು 2021ರ ಡಿಸೆಂಬರ್‌ನಲ್ಲಿ ತಂದ ಇನ್ನುಯಿರ್ ಕಾಪ್ಪೋಂ ಯೋಜನೆಯಡಿ, ಆ ರಾಜ್ಯದೊಳಗೆ ರಸ್ತೆ ಅಪಘಾತಕ್ಕೆ ಸಿಕ್ಕವರಿಗೆ ನಿಗದಿತ ಆಸ್ಪತ್ರೆಗಳಲ್ಲಿ ಮೊದಲ 48 ಗಂಟೆಗಳ ಚಿಕಿತ್ಸೆ ಉಚಿತ. ಕರ್ನಾಟಕದಿಂದ ಬಂದವರಿಗೂ ಇದು ಸಲ್ಲುತ್ತದೆ.