‘ಓನ್ಲಿ’, ‘ಮಾತ್ರ’ ಮತ್ತು ‘ಏ’: ಬಳ್ಳಾರಿ ಪರಿಸರದಲ್ಲಿ ಒಂದು ಅವ್ಯಯದ ಅರ್ಥವ್ಯಾಪ್ತಿ

ಇಂಗ್ಲಿಶಿನ ‘ಓನ್ಲಿ’ ಎಂಬ ಕ್ರಿಯಾವಿಶೇಷಣಕ್ಕೆ ಶಾಲಾ ನಿಘಂಟುಗಳು ಸಾಮಾನ್ಯವಾಗಿ ‘ಮಾತ್ರ’, ‘ಕೇವಲ’ ಎಂಬ ಅರ್ಥಗಳನ್ನು ನೀಡುತ್ತವೆ. ಬಳಕೆಯಲ್ಲಿ ಈ ಸಮೀಕರಣ ಅಷ್ಟು ಸರಳವಾದುದಲ್ಲ. ‘ಟುಡೇ ಓನ್ಲಿ ಐ ಕೇಮ್’ ಎಂದು ಕನ್ನಡ ಮಾಧ್ಯಮದ ವಿದ್ಯಾರ್ಥಿ ಹೇಳಿದಾಗ ತಿದ್ದುವವರೂ ಉಂಟು, ನಗುವವರೂ ಉಂಟು. ಆ ವಾಕ್ಯದ ಹಿಂದಿರುವ ವ್ಯಾಕರಣವನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಈ ಪದಗಳ ಮೂಲಗಳೇ ಬೇರೆ ಬೇರೆ. ‘ಓನ್ಲಿ’ಯು ಹಳೆಯ ಇಂಗ್ಲಿಶಿನಲ್ಲಿ ‘ಒಂದು’ ಎಂಬರ್ಥದ ಪದದಿಂದ ಬಂದುದು. ಸಂಸ್ಕೃತದ ‘ಮಾತ್ರ’ಕ್ಕೆ ಅಳತೆ, ಪ್ರಮಾಣ ಎಂಬುದು ಮೂಲಾರ್ಥ. ಅಚ್ಚಗನ್ನಡದ ‘ಬರಿ’ ಎಂದರೆ ಬರಿದಾದುದು. ಬರಿಗೈ, ಬರಿಗಾಲು ಪದಗಳಲ್ಲಿ ಈ ಅರ್ಥ ಉಳಿದಿದೆ. ಇವೆಲ್ಲಕ್ಕಿಂತ ಹೆಚ್ಚು ಬಳಕೆಯಲ್ಲಿರುವುದು ‘ಏ’. ಕನ್ನಡ ವ್ಯಾಕರಣಗಳು ಇದನ್ನು ಅವಧಾರಣಾರ್ಥಕ ಅವ್ಯಯವೆಂದು ಕರೆದಿವೆ. ಅವಧಾರಣೆ ಎಂದರೆ ನಿಶ್ಚಯ. ಹೊರಗಿಡುವುದು ಅದರ ಒಂದು ಪರಿಣಾಮ ಮಾತ್ರ.

ಕೆಳಗಿನ ವಾಕ್ಯಗಳನ್ನು ಗಮನಿಸಬಹುದು:

೧. ಬಸ್ಸು ಕುರುಗೋಡಿಗೆ ಮಾತ್ರ ಹೋಗುತ್ತದೆ.
೨. ಬಸ್ಸು ಕುರುಗೋಡಿಗೇ ಹೋಗುತ್ತದೆ.
೩. ಕುರುಗೋಡಿಗೆ ಬಸ್ಸೇ ಹೋಗುವುದಿಲ್ಲ.
೪. ಕುರುಗೋಡಿಗೆ ಬಸ್ಸು ಹೋಗುವುದೇ ಇಲ್ಲ.

ಮೊದಲನೆಯದು ಸಿರುಗುಪ್ಪವೇ ಮೊದಲಾದ ಉಳಿದ ಊರುಗಳನ್ನು ಹೊರಗಿಡುತ್ತದೆ. ಎರಡನೆಯದು ಕೇಳಿದವರ ಸಂದೇಹವನ್ನು ನಿವಾರಿಸುತ್ತದೆ. ಬಸ್ಸು ಬೇರೆ ಊರಿಗೆ ಹೋಗುವುದಿಲ್ಲವೆಂದು ಅದು ಹೇಳಲೇಬೇಕೆಂದಿಲ್ಲ. ಕೊನೆಯ ಎರಡರಲ್ಲಿ ‘ಏ’ಕಾರವು ನಿಷೇಧವನ್ನು ಬಲಪಡಿಸುತ್ತದೆ. ರೂಢಿಯ ಇಂಗ್ಲಿಶಿನ ‘ಓನ್ಲಿ’ ಸಲ್ಲುವುದು ಮೊದಲನೆಯ ವಾಕ್ಯಕ್ಕೆ. ಆದರೆ ಸಂಖ್ಯಾವಾಚಕಕ್ಕೆ ಹತ್ತಿದಾಗ ‘ಏ’ಯೂ ಮಿತಿಯನ್ನು ಸೂಚಿಸುತ್ತದೆ: ‘ಹತ್ತೇ ರೂಪಾಯಿ’ ಎಂದರೆ ಹತ್ತಕ್ಕಿಂತ ಹೆಚ್ಚಿಲ್ಲ. ಕಾಲವನ್ನು ಕುರಿತಾಗ ‘ಅಷ್ಟೇ’ ಬರುತ್ತದೆ: ‘ನಿನ್ನೆಯಷ್ಟೇ ಸಿರುಗುಪ್ಪದಿಂದ ಬಂದರು.’

ವಿದ್ಯಾರ್ಥಿಯ ವಾಕ್ಯವನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ‘ಇವತ್ತೇ ಬಂದೆ’ ಎಂಬಲ್ಲಿ ‘ಏ’ಯು ತಾನು ಒತ್ತಿಹೇಳುವ ಪದದ ಬೆನ್ನಿಗೇ ಅಂಟಿಕೊಳ್ಳುತ್ತದೆ. ‘ಟುಡೇ ಓನ್ಲಿ’ ಆ ಸ್ಥಾನವನ್ನೂ ಆ ಅರ್ಥವನ್ನೂ ಉಳಿಸಿಕೊಂಡ ರಚನೆ. ಅದು ಅಜ್ಞಾನದ ಫಲವಲ್ಲ, ಮಾತೃಭಾಷೆಯ ನಿಯಮದ ಫಲ.

ಬಳ್ಳಾರಿ ನಗರ ಮತ್ತು ಗಡಿಗೆ ಸಮೀಪದ ಸಿರುಗುಪ್ಪ ಸೀಮೆಯಲ್ಲಿ ಈ ನಿಯಮಕ್ಕೆ ನೆರೆಭಾಷೆಗಳ ಬೆಂಬಲವೂ ಇದೆ. ೧೯೫೩ರ ಅಕ್ಟೋಬರ್ ೧ರಂದು ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಸೇರಿ, ಬಳ್ಳಾರಿ ಮೈಸೂರು ರಾಜ್ಯಕ್ಕೆ ಬಂದಿತು. ಆಡಳಿತದ ಗೆರೆ ಬದಲಾದರೂ ಭಾಷೆಗಳ ಒಡನಾಟ ನಿಲ್ಲಲಿಲ್ಲ. ತೆಲುಗಿನ ‘ನೇನೇ’ ಎಂಬಲ್ಲಿಯೂ ‘ಏ’ ಪದಾಂತ್ಯದಲ್ಲಿದೆ. ದಖನಿಯ ‘ಇಚ್’ ಕೂಡ ಪದದ ನಂತರವೇ ಬರುತ್ತದೆ. ೧೯೫೬ರಲ್ಲಿ ಎಂ. ಬಿ. ಎಮಿನೋ ಅವರು ಭಾರತವನ್ನು ಒಂದು ಭಾಷಿಕ ವಲಯವೆಂದು ಪರಿಭಾವಿಸಿದರು. ಮೂರು ಭಾಷೆಗಳ ಈ ಸಾಮ್ಯವನ್ನು ಅರಿಯಲು ಆ ಪರಿಕಲ್ಪನೆ ನೆರವಾಗುತ್ತದೆ.

ಆಡಳಿತ ಕನ್ನಡದಲ್ಲಿ ಈ ವ್ಯತ್ಯಾಸ ಇನ್ನಷ್ಟು ಮಹತ್ವದ್ದು. ಚೆಕ್ಕಿನಲ್ಲಿ ‘ಒಂದು ಸಾವಿರ ರೂಪಾಯಿಗಳು ಮಾತ್ರ’ ಎಂದು ಬರೆಯುವುದು ಮೊತ್ತ ಅಲ್ಪವೆಂದು ಹೇಳಲಲ್ಲ, ಅದರ ಮುಂದೆ ಏನನ್ನೂ ಸೇರಿಸದಂತೆ ತಡೆಯಲು. ‘ಸಣ್ಣ ರೈತರಿಗೆ ಬೀಜ ಮಾತ್ರ’ ಮತ್ತು ‘ಸಣ್ಣ ರೈತರಿಗೆ ಮಾತ್ರ ಬೀಜ’ ಎಂಬಲ್ಲಿ ಪದವೊಂದು ಸ್ಥಳ ಬದಲಿಸಿದರೆ ಸೌಲಭ್ಯಕ್ಕೆ ಅರ್ಹರಾದವರೇ ಬದಲಾಗುತ್ತಾರೆ. ಅನುವಾದಕನು ‘ಓನ್ಲಿ’ಗೆ ಸಮಾನಪದವನ್ನು ಹುಡುಕುವ ಮೊದಲು ಅದು ಯಾವ ಪದವನ್ನು ಆಶ್ರಯಿಸಿದೆ ಎಂಬುದನ್ನು ನಿರ್ಣಯಿಸಿಕೊಳ್ಳಬೇಕು. ಇಂಗ್ಲಿಶ್ ಬೋಧಿಸುವವರು ‘ಏ’ ಮತ್ತು ‘ಮಾತ್ರ’ಗಳ ಭೇದವನ್ನು ಮೊದಲು ಕನ್ನಡದಲ್ಲಿಯೇ ತೋರಿಸಿದರೆ, ವಿದ್ಯಾರ್ಥಿಯು ತನ್ನ ಭಾಷೆಯ ಬಗ್ಗೆ ನಾಚದೆ ಇನ್ನೊಂದು ಭಾಷೆಯ ರೂಢಿಯನ್ನು ಕಲಿಯಬಲ್ಲನು.