ಭೀಮಾ ತೀರದ ಅಕ್ಷರ, ಜಪಾನಿನ ವರ್ಣಮಾಲೆ

ಜಪಾನಿನ ಮಕ್ಕಳು ಇವತ್ತು ಶಾಲೆಯಲ್ಲಿ ಕಲಿಯುವ ಅಕ್ಷರಗಳ ಕ್ರಮ ನಮ್ಮದೇ. ಯಡ್ರಾಮಿಯ ಕನ್ನಡ ಶಾಲೆಯಲ್ಲಿ ಅ ಆ ಇ ಈ ತಿದ್ದಿ, ಮುಂದೆ ಪುಣೆಯ ಹಾಸ್ಟೆಲ್ ಸೇರಿದ ನನಗೆ ಇದು ತಿಳಿದದ್ದು ಒಂದೇ ಕೋಣೆಯಲ್ಲಿದ್ದ ಜಪಾನಿ ಗೆಳೆಯನಿಂದ. ಸಂಸ್ಕೃತ, ಪಾಲಿ ಓದಲು ಜಪಾನಿ ವಿದ್ಯಾರ್ಥಿಗಳು ಪುಣೆಗೆ ಬರುವುದುಂಟು. ಅವನೂ ಹಾಗೆ ಬಂದವನು. ಅವ್ವ ಕಟ್ಟಿ ಕಳಿಸಿದ ಖಡಕ್ ರೊಟ್ಟಿ, ಶೇಂಗಾ ಹಿಂಡಿ ಮುಂದಿಟ್ಟರೆ ಕೈಮುಗಿದು ‘ಇತದಾಕಿಮಾಸ್’ ಅಂದ ಮೇಲೆಯೇ ರೊಟ್ಟಿ ಮುರಿಯುತ್ತಿದ್ದ. ಆಗಸ್ಟ್ ನಡುವೆ ಬರುವ ‘ಓಬೋನ್’ ದಿನಗಳಲ್ಲಿ ಸತ್ತ ಹಿರಿಯರು ಮನೆಗೆ ಬರುತ್ತಾರೆಂದು ದೀಪ ಹಚ್ಚುವ ಕತೆ ಹೇಳಿದಾಗ, ನಾನು ನಮ್ಮ ಕಡೆ ಹಿರಿಯರಿಗೆ ಎಡೆ ಇಡುವುದನ್ನು ಹೇಳಿದ್ದೆ.

ಒಂದು ಸಂಜೆ ನೋಟ್‌ಬುಕ್ಕಿನಲ್ಲಿ ತನ್ನ ವರ್ಣಮಾಲೆ ಬರೆದು ಗಟ್ಟಿಯಾಗಿ ಓದಿದ. ಮೊದಲು ಸ್ವರಗಳು: ಅ, ಇ, ಉ, ಎ, ಒ. ಆಮೇಲೆ ಸಾಲುಗಳು: ಕ, ಸ, ತ, ನ, ಹ, ಮ, ಯ, ರ, ವ. ಕ ಆದ ಮೇಲೆ ಸ ಯಾಕೆ, ಪ ಇರಬೇಕಾದಲ್ಲಿ ಹ ಯಾಕೆ ಎಂದು ಕೇಳಿದೆ. ಉತ್ತರ ಅವನ ಬಳಿ ಸಿದ್ಧವಿತ್ತು. ಹಳೆಯ ಜಪಾನಿ ಭಾಷೆಯಲ್ಲಿ ಇಂದಿನ ಸ ಬಹುಶಃ ಚಕಾರಕ್ಕೆ ಹತ್ತಿರವಿತ್ತು, ಇಂದಿನ ಹ ಮೂಲದಲ್ಲಿ ಪಕಾರ ಎನ್ನುತ್ತಾರೆ ಭಾಷಾಶಾಸ್ತ್ರಜ್ಞರು. ಹಾಗೆ ಇಟ್ಟು ನೋಡಿ: ಕ, ಚ, ತ, ನ, ಪ, ಮ, ಯ, ರ, ವ. ನಮ್ಮ ಒಂದನೇ ಇಯತ್ತೆಯ ಪಾಠವೇ! ಉಚ್ಚಾರ ಬದಲಾದರೂ ಸಾಲು ಕದಲಲಿಲ್ಲ. ಹಕಾರ ಹಿಂದೆ ಪಕಾರವಾಗಿತ್ತು ಎನ್ನಲು ಈ ಸಾಲೂ ಒಂದು ಸಾಕ್ಷಿ. ನಮ್ಮ ಹಳಗನ್ನಡದ ‘ಪಾಲ್’ ಹೊಸಗನ್ನಡದಲ್ಲಿ ‘ಹಾಲು’ ಆದದ್ದು ಬಲ್ಲವರಿಗೆ ಇದು ಹೊಸತೇನಲ್ಲ.

ಈ ಕ್ರಮವನ್ನು ಅಲ್ಲಿಗೆ ಒಯ್ದದ್ದು ಬೌದ್ಧಧರ್ಮ. ಭಾರತದ ಭಿಕ್ಷು ಬೋಧಿಸೇನ 736ರಲ್ಲಿ ಜಪಾನ್ ತಲುಪಿದ. 752ರಲ್ಲಿ ನಾರಾ ನಗರದ ತೋದೈಜಿಯ ಮಹಾಬುದ್ಧನಿಗೆ ಕಣ್ಣು ಬರೆದು ನೇತ್ರೋನ್ಮೀಲನ ಮಾಡಿದವನು ಅವನೇ. 804ರಲ್ಲಿ ಚೀನಾಕ್ಕೆ ಹೋದ ಜಪಾನಿ ಭಿಕ್ಷು ಕೂಕೈ, 806ರಲ್ಲಿ ಸಂಸ್ಕೃತ ಬರೆಯುವ ಸಿದ್ಧಂ ಲಿಪಿಯ ವಿದ್ಯೆ ಹೊತ್ತು ಮರಳಿದ. ಮಂತ್ರದ ಉಚ್ಚಾರ ತಪ್ಪಬಾರದೆಂದು ಭಿಕ್ಷುಗಳು ಸಂಸ್ಕೃತ ಅಕ್ಷರಕ್ರಮವನ್ನು ಶ್ರದ್ಧೆಯಿಂದ ಕಲಿತರು, ಅದರಂತೆ ತಮ್ಮ ಭಾಷೆಯ ಧ್ವನಿಗಳನ್ನೂ ಜೋಡಿಸಿದರು. 11ನೇ ಶತಮಾನದ ಹೊತ್ತಿಗೆ ಆ ಕೋಷ್ಟಕ ಬರವಣಿಗೆಯಲ್ಲಿ ಸಿಗುತ್ತದೆ. ಇಂದಿನ ಜಪಾನಿ ನಿಘಂಟುಗಳೂ ಇದೇ ಕ್ರಮದಲ್ಲಿವೆ. ಸಮಾಧಿಯ ಬಳಿ ನಿಲ್ಲಿಸುವ ಮರದ ಹಲಗೆಗಳ ಮೇಲೆ ಸಿದ್ಧಂ ಅಕ್ಷರ ಈಗಲೂ ಬರೆಯುತ್ತಾರೆ. ತನ್ನ ಅಜ್ಜಿಯ ಹಲಗೆಯ ಫೋಟೊ ಗೆಳೆಯ ತೋರಿಸಿದಾಗ ನನ್ನ ಗಂಟಲು ಕಟ್ಟಿತ್ತು.

ಸಿದ್ಧಂಗೂ ಕನ್ನಡಕ್ಕೂ ತಾಯಿ ಬ್ರಾಹ್ಮಿ ಲಿಪಿ. ಆ ಬ್ರಾಹ್ಮಿ ನಮ್ಮ ಜಿಲ್ಲೆಯಲ್ಲೇ, ಭೀಮಾ ದಂಡೆಯ ಸನ್ನತಿಯಲ್ಲಿ, ಪಕ್ಕದ ಕನಗನಹಳ್ಳಿಯಲ್ಲಿ ಕಲ್ಲಿನ ಮೇಲಿದೆ. 1990ರ ದಶಕದ ಉತ್ಖನನದಲ್ಲಿ ಅಲ್ಲಿ ಸಿಕ್ಕ ಅಶೋಕನ ಶಿಲ್ಪದ ಮೇಲೆ ಅವನ ಹೆಸರೇ ಕೊರೆದಿದೆ. ಕನಗನಹಳ್ಳಿಯ ಶಾಸನಗಳನ್ನು ಜಪಾನಿನ ಮೈಕೊ ನಕಾನಿಶಿ, ಜರ್ಮನಿಯ ಆಸ್ಕರ್ ಫಾನ್ ಹಿನ್ಯೂಬರ್ ಓದಿ ಸಂಪಾದಿಸಿದರು; 2014ರಲ್ಲಿ ಆ ಪುಸ್ತಕ ತಂದದ್ದು ಟೋಕಿಯೋದ ಸೋಕಾ ವಿಶ್ವವಿದ್ಯಾಲಯ.

ಯಡ್ರಾಮಿ, ಜೇವರ್ಗಿಯ ಮಾಸ್ತರರಲ್ಲಿ ನನ್ನದೊಂದು ವಿನಂತಿ. ಈ ಸಲ ಶಾಲೆಯ ಪ್ರವಾಸ ದೂರದೂರಿಗೆ ಬೇಡ. ಮಕ್ಕಳನ್ನು ಕನಗನಹಳ್ಳಿಗೆ ಕರೆದೊಯ್ಯಿರಿ. ಕಲ್ಲಿನ ಮುಂದೆ ನಿಲ್ಲಿಸಿ, ಈ ಅಕ್ಷರದ ಬಳಗ ಜಪಾನಿನವರೆಗೂ ಇದೆ ಎಂದು ಹೇಳಿ.