ಕಾಡಿಗೆ ಕಣ್ಣು, ಕಾಡಿಗೆ ಕಿವಿ

ಒಂದು ಕಾಡಿನಲ್ಲಿ ಹುಲಿಗಳೆಷ್ಟಿವೆ? ಪ್ರಶ್ನೆ ಸುಲಭ, ಉತ್ತರ ಕಷ್ಟ. ಹುಲಿ ಬಹುಮಟ್ಟಿಗೆ ಇರುಳಿನಲ್ಲಿ ಸಂಚರಿಸುವ ಒಂಟಿ ಪ್ರಾಣಿ. ಹಿಂದೆ ನಮ್ಮ ದೇಶದಲ್ಲಿ ಹೆಜ್ಜೆಗುರುತುಗಳನ್ನು ನೋಡಿ ಅವನ್ನು ಎಣಿಸುತ್ತಿದ್ದರು. ಆದರೆ ಒಂದೇ ಹುಲಿಯ ಹೆಜ್ಜೆ ಕೆಸರಿನಲ್ಲಿ ಒಂದು ಬಗೆ, ಧೂಳಿನಲ್ಲಿ ಮತ್ತೊಂದು ಬಗೆ. ಈ ಎಣಿಕೆಯನ್ನು ನಂಬಿದುದರ ಫಲ 2005ರಲ್ಲಿ ಬಯಲಾಯಿತು. ಲೆಕ್ಕದಲ್ಲಿ ಹುಲಿಗಳಿದ್ದ ರಾಜಸ್ಥಾನದ ಸರಿಸ್ಕಾ ಅರಣ್ಯದಲ್ಲಿ ಒಂದು ಹುಲಿಯೂ ಉಳಿದಿರಲಿಲ್ಲ. ಅವು ಕಳ್ಳಬೇಟೆಗೆ ಬಲಿಯಾಗಿದ್ದವು.

ಹಾಗಾದರೆ ನಂಬತಕ್ಕ ಸಾಕ್ಷಿ ಯಾವುದು? ಹುಲಿಯ ಮೈಮೇಲಿನ ಪಟ್ಟೆಗಳು. ನಮ್ಮ ಬೆರಳಚ್ಚಿನಂತೆ ಅವು ಒಂದೊಂದು ಹುಲಿಗೂ ಬೇರೆ. ಎಡಮೈಯ ಪಟ್ಟೆಗಳು ಬಲಮೈಯವನ್ನು ಹೋಲುವುದಿಲ್ಲ. ಆದುದರಿಂದ ಕಾಡುದಾರಿಯ ಎರಡು ಬದಿಗೂ ಕ್ಯಾಮರಾಗಳನ್ನು ಕಟ್ಟುತ್ತಾರೆ. ನಾಗರಹೊಳೆಯಲ್ಲಿ ಹೀಗೆ ತೆಗೆದ ಚಿತ್ರಗಳಿಂದ ಹುಲಿಗಳ ಸಂಖ್ಯೆಯನ್ನು ಅಂದಾಜು ಮಾಡುವ ವಿಧಾನವನ್ನು ಉಲ್ಲಾಸ ಕಾರಂತರು 1995ರಲ್ಲಿ ಪ್ರಕಟಿಸಿದರು.

ಕತ್ತಲೆಯಲ್ಲಿ ಹುಲಿ ಬಂದುದು ಕ್ಯಾಮರಾಕ್ಕೆ ತಿಳಿಯುವುದೆಂತು? ಬಿಸಿಯುಳ್ಳ ಪ್ರತಿಯೊಂದು ವಸ್ತುವೂ ಕಿರಣಗಳನ್ನು ಸೂಸುತ್ತದೆ. ವೀನನ ನಿಯಮದಂತೆ, 2898ನ್ನು ನಿರಪೇಕ್ಷ ಉಷ್ಣತೆಯಿಂದ ಭಾಗಿಸಿದರೆ ಅವುಗಳಲ್ಲಿ ಪ್ರಬಲವಾದುದರ ತರಂಗದೂರ ಮೈಕ್ರೋಮೀಟರುಗಳಲ್ಲಿ ದೊರೆಯುತ್ತದೆ. ಪ್ರಾಣಿಯ ಮೈಯನ್ನು 310 ಕೆಲ್ವಿನ್ ಎಂದಿಟ್ಟುಕೊಂಡರೆ ಉತ್ತರ 9.3. ಇದು ಕಣ್ಣಿಗೆ ಕಾಣದ ಅವಕೆಂಪು ಕಿರಣ. ಇಂತಹ ಕಿರಣ ಬಿದ್ದು ಉಷ್ಣತೆ ಬದಲಾದೊಡನೆ ಕೆಲವು ಹರಳುಗಳಲ್ಲಿ ವಿದ್ಯುದಾವೇಶ ತೋರುತ್ತದೆ. ಇಂದಿನ ಕ್ಯಾಮರಾಗಳಲ್ಲಿರುವ ಸಂವೇದಕ ಇದನ್ನೇ ಆಧರಿಸಿದೆ. ಅಲುಗದ ಬಂಡೆಗೆ ಅದು ಓಗೊಡುವುದಿಲ್ಲ. ಬಿಸಿ ಮೈಯೊಂದು ಹಾದುಹೋದರೆ ಚಿತ್ರ ತೆಗೆಸುತ್ತದೆ.

ಚಿತ್ರಕ್ಕೆ ಸಿಕ್ಕದ ಹುಲಿಗಳನ್ನು ಎಣಿಸುವುದು ಹೇಗೆ? ಇಲ್ಲಿ ಗಣಿತ ನೆರವಾಗುತ್ತದೆ. ಮೊದಲ ಸಲ 20 ಹುಲಿಗಳು, ಎರಡನೆಯ ಸಲ 15 ಹುಲಿಗಳು ಸಿಕ್ಕವೆನ್ನೋಣ. ಆ 15ರಲ್ಲಿ 10 ಹಳೆಯವಾಗಿದ್ದರೆ, ಮೊದಲ ಸಲ ನಾವು ಮೂರರಲ್ಲಿ ಎರಡು ಪಾಲು ಹುಲಿಗಳನ್ನು ಕಂಡಿದ್ದೆವೆಂದಾಯಿತು. ಆ ಎರಡು ಪಾಲು 20 ಆದುದರಿಂದ ಒಟ್ಟು ಸುಮಾರು 30. ಇದೇ ತತ್ತ್ವದ ಪರಿಷ್ಕೃತ ರೂಪವನ್ನು ಬಳಸಿದ 2018ರ ರಾಷ್ಟ್ರೀಯ ಗಣತಿಯಲ್ಲಿ 26,838 ಸ್ಥಳಗಳಲ್ಲಿ ಕ್ಯಾಮರಾಗಳನ್ನು ಇಡಲಾಯಿತು. ಪಟ್ಟೆಗಳಿಂದ ಗುರುತಿಸಿದ ಹುಲಿಗಳು 2,461. ದೇಶದ ಒಟ್ಟು ಅಂದಾಜು 2,967.

ಕ್ಯಾಮರಾದ ನೋಟ ಪೊದೆಯನ್ನು ದಾಟದು, ಶಬ್ದ ದಾಟುತ್ತದೆ. ನಮ್ಮ ಕಿವಿಗೆ ಕೇಳದಷ್ಟು ಮಂದ್ರವಾದ ದನಿಯಲ್ಲಿ ಆನೆಗಳು ಮಾತಾಡುತ್ತವೆಂಬ ಸುಳಿವು 1984ರಲ್ಲಿ ಕೇಟಿ ಪೇನ್ ಎಂಬ ಅಮೆರಿಕದ ವಿಜ್ಞಾನಿಗೆ ದೊರೆಯಿತು. ಸೆಕೆಂಡಿಗೆ 17 ಕಂಪನಗಳಿರುವ ಶಬ್ದದ ತರಂಗದೂರ ಸುಮಾರು 20 ಮೀಟರು. ಇಷ್ಟು ಉದ್ದದ ಅಲೆಗೆ ಮರದ ಬೊಡ್ಡೆಗಳು ಅಡ್ಡಿಯಾಗವು. ಆದುದರಿಂದಲೇ ಅದು ದಟ್ಟ ಕಾಡಿನಲ್ಲಿಯೂ ಬಹುದೂರ ಸಾಗುತ್ತದೆ. ಮಧ್ಯ ಆಫ್ರಿಕದ ಮಳೆಕಾಡುಗಳಲ್ಲಿ ಮರಕ್ಕೆ ಕಟ್ಟಿದ ಧ್ವನಿಮುದ್ರಕಗಳು ಆನೆಗಳ ಈ ದನಿಯನ್ನು ಹಗಲಿರುಳೂ ದಾಖಲಿಸುತ್ತವೆ. ಬೇಟೆಗಾರರ ಬಂದೂಕಿನ ಸದ್ದನ್ನೂ ಹಿಡಿಯುತ್ತವೆ.

ಮುದ್ರಿಕೆಯಲ್ಲಿ ಗುಂಡಿನ ಸದ್ದು ಕೇಳುವ ವೇಳೆಗೆ ಆನೆ ಬಿದ್ದಿರಬಹುದು. ಯಂತ್ರವು ಅದನ್ನು ಕಾಪಾಡಲಾರದು. ಆದರೆ ಯಾವ ಎಡೆಯಲ್ಲಿ, ಯಾವ ಹೊತ್ತಿನಲ್ಲಿ ಬೇಟೆ ಹೆಚ್ಚೆಂಬುದು ತಿಳಿದರೆ ಕಾವಲುಗಾರರು ಮುಂದಿನ ಸಲ ಅಲ್ಲಿರಬಲ್ಲರು. ಸರಿಸ್ಕಾದಲ್ಲಿ ಇಲ್ಲದೆ ಹೋದುದು ಇಂತಹ ಅರಿವೇ.